ಓಡುವ ಮುಖ

ಮೂರನೇ ಸಲ ನೀರಿನ ಮೀಟರು ಹೋದ ಬೆಳಗ್ಗೆ
ಕೊಯ್ದ ಪೈಪಿನಿಂದ ಕಾವೇರಿ ನೇರ ಚರಂಡಿಗೆ.
ಲಗ್ಗೆರೆಯ ನಮ್ಮ ಬೀದಿಯಲ್ಲಿ ಹಿತ್ತಾಳೆಗೆ ಕಾಲು ಬರುತ್ತದೆ,
ಗುಜರಿ ಅಂಗಡಿಯಲ್ಲಿ ಅದಕ್ಕೆ ಮನೆ ನಂಬರಿಲ್ಲ, ತೂಕವಷ್ಟೇ.

ಕ್ಯಾಮೆರಾ ಇತ್ತು. ಮೈದುನ ತಂದುಕೊಟ್ಟಿದ್ದು.
ಅದರೊಳಗೆ ಕಳ್ಳನೂ ಬಂದಿದ್ದ: ಬೂದು ಮೈ,
ಮುಖವಿರಬೇಕಾದಲ್ಲಿ ಒಂದು ಹಿಡಿ ಗೋಧಿಹಿಟ್ಟು,
ಬೆಕ್ಕಿನದರಂತೆ ಎರಡು ಮಿಂಚು.
ಸ್ಟೇಷನ್ನಿನ ಏಎಸ್‌ಐ ಫೋನನ್ನು ಅಡ್ಡ ಉದ್ದ ತಿರುಗಿಸಿ ನೋಡಿ
"ಅಮ್ಮಾ, ಇದಕ್ಕೆ ಎಫ್‌ಐಆರ್ ಅಲ್ಲ, ಮಂತ್ರವಾದಿ ಬೇಕು" ಅಂದರು.

ಬಿಟಿಎಸ್ಸಿನಲ್ಲಿ ಹತ್ತಿ ಬಿಎಂಟಿಸಿಯಲ್ಲಿ ಇಳಿದ ಕಂಡಕ್ಟರು ನಾನು.
ಕೊನೇ ಟ್ರಿಪ್ಪು, ಟ್ಯೂಬಿನಲ್ಲಿ ಅರ್ಧ ಜೀವ,
ಆ ಬೆಳಕಲ್ಲೇ ಹೇಳುತ್ತಿದ್ದೆ ಯಾರು ಟಿಕೇಟು ತಗೊಂಡಿದ್ದಾರೆ,
ಯಾರು ಕಿಟಕಿ ಕಡೆ ತಿರುಗಿ ನಿದ್ದೆ ನಟಿಸುತ್ತಿದ್ದಾರೆ ಅಂತ.
ಈಗ ಎಡಗಣ್ಣಿಗೆ ಪೊರೆ. ದೀಪಕ್ಕೆಲ್ಲ ಬಳೆ ತೊಡಿಸುತ್ತದೆ.
ಅದಕ್ಕೇ ಎಸ್.ಪಿ. ರೋಡಿಗೆ ಹೋದೆ, ಬೇರೆ ಕಣ್ಣು ಕೊಳ್ಳಲು.

ತಬ್ರೇಜ್ ಎಂಬ ಹುಡುಗ ಡಬ್ಬಿಗಳನ್ನು ಇಸ್ಪೀಟಿನಂತೆ ಹರಡಿದ.
ಎರಡು ಮೆಗಾಪಿಕ್ಸೆಲ್, ನಾಲ್ಕು, ಎಂಟು.
"ಎಂಟಿದ್ರೆ ಚೆನ್ನಾಗಿ ಕಾಣುತ್ತಾ?"
"ಹಗಲಲ್ಲಿ ಕಾಣುತ್ತೆ ಆಂಟಿ. ರಾತ್ರಿ ಬರೀ ಎಲೆ ಅಗಲ ಇದ್ದು ಏನು?
ಬಡಿಸೋ ಸೌಟು ದೊಡ್ಡದಿರಬೇಕು. ಸೆನ್ಸರ್ ನೋಡಿ,
ಲೆನ್ಸಿನ ಬಾಯಿ ನೋಡಿ."

ಡಬ್ಬಿ ಮೇಲೆ ಒಂದು ಬಂಗಲೆ, ಹುಲ್ಲುಹಾಸು, ನಗುವ ನಾಯಿ.
ನನ್ನ ಗೇಟಿಗೂ ರಸ್ತೆಗೂ ನಡುವೆ ಮೂರಡಿ,
ಪಕ್ಕದಲ್ಲೇ ಚೌಡಪ್ಪನವರ ಸುಣ್ಣದ ಗೋಡೆ.
"ಗೋಡೆ ಕಡೆ ತಿರುಗಿಸಬೇಡಿ, ತನ್ನ ಬೆಳಕು ತನಗೇ ಬಡಿದು
ಕುರುಡಾಗುತ್ತೆ. ಸಜ್ಜದ ಮೂಲೆಯೂ ಬೇಡ,
ಜೇಡ ಅಲ್ಲೇ ಸಂಸಾರ ಹೂಡುತ್ತೆ."

"ಶಟರ್ ಎಳಿ," ಅಂದೆ. "ಲೈಟು ಆರಿಸು. ಈಗ ಓಡು."
"ಏನಾಂಟಿ?"
"ನಿಂತ ಮುಖ ಯಾರು ಬೇಕಾದರೂ ತೋರಿಸ್ತಾರೆ.
ಓಡುವ ಮುಖ ತೋರಿಸು."

ಓಡಿದ, ವೈರಿನ ಸುರುಳಿ ಎಡವುತ್ತ,
ಕೈಯಲ್ಲಿ ನನ್ನ ಪರ್ಸಿನ ಹಳೇ ಟಿಕೇಟು,
ಯಾರೋ ಫುಟ್‌ಬೋರ್ಡಿನಲ್ಲಿ ಬೀಳಿಸಿ ಹೋದದ್ದು.
ಮೊದಲನೆಯದರಲ್ಲಿ ಅವನಿಗೆ ನಾಲ್ಕು ಕೈ.
ಎರಡನೆಯದರಲ್ಲಿ ಕೈಯೇ ಇಲ್ಲ, ಬರೀ ಬಾಲ.
ಐದನೆಯದು ಚೂರು ಬೆಳಕು ಕೇಳಿತು;
ಶಟರನ್ನು ಒಂದು ಗೇಣು ಎತ್ತಿದ.
ಅಂಗಿ ಹಸಿರು. ಗಲ್ಲದಲ್ಲಿ ಮಚ್ಚೆ.
ಟಿಕೇಟಿನ ಬೆನ್ನಿಗೆ ನನ್ನದೇ ಅಕ್ಷರ: ಬಾಕಿ ೮.

ಆರು ಸಾವಿರದ ಇನ್ನೂರು. ಗುದ್ದಾಡಿ ಐದೂಮುಕ್ಕಾಲು.
ಕಟ್ಟಿಕೊಡುತ್ತ ಹೇಳಿದ, ಗೇಟಿನ ಮೇಲೊಂದು
ಒಂಬತ್ತು ವ್ಯಾಟಿನ ಬಲ್ಬು ಹಾಕಿ,
ಇದಕ್ಕೂ ಒಂದು ತುತ್ತು ಬೆಳಕು ಬೇಕು.

ಹನ್ನೊಂದು ರಾತ್ರಿ ಹಾತೆ, ಹೆಗ್ಗಣ, ಹಾಲಿನ ಟೆಂಪೊ.
ಹನ್ನೆರಡನೆಯದು, ಮೂರೂ ಹತ್ತು:
ಮೀಟರಿನ ಮುಂದೆ ಕುಕ್ಕುರುಗಾಲಲ್ಲಿ ಒಬ್ಬ.
ಬಲ್ಬನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ,
ಕ್ಯಾಮೆರಾವನ್ನು ಅನ್ನಬೇಕು.
ಸ್ಪ್ಯಾನರನ್ನು ಸ್ವೆಟರಿನೊಳಗೆ ಸೇರಿಸಿ
ಓಡಲಿಲ್ಲ, ನಡೆದೇ ಹೋದ.

ಎಷ್ಟು ಸ್ಪಷ್ಟ. ಹುಬ್ಬಿನ ಗಾಯ, ಸ್ವೆಟರಿನ ಬಿಚ್ಚಿದ ಎಳೆ.
ಸುಮನಹಳ್ಳಿಯಲ್ಲಿ ಹತ್ತುತ್ತಿದ್ದ, ಯಾವಾಗಲೂ ಇಡೀ ನೋಟು,
ಇಳಿಯುವಾಗ ಕೊಡ್ತೀನಿ ಅಂದರೆ ತಲೆಯಾಡಿಸಿ
ನೂಕುನುಗ್ಗಲಲ್ಲಿ ಕೇಳದೆ ಇಳಿದುಬಿಡುತ್ತಿದ್ದ.
ಆ ಟಿಕೇಟು ಅವನದೇ ಅಂತ ಹೇಳಲಾರೆ.
ಎಷ್ಟೋ ಜನಕ್ಕೆ ಹಾಗೆ ಬರೆದುಕೊಟ್ಟಿದ್ದೇನೆ.

ಏಎಸ್‌ಐ ಮಾರ್ಕೆಟ್ಟಿನಲ್ಲಿ ಸಿಕ್ಕರು, "ಕ್ಲಿಯರ್ ಬರ್ತಿದೆಯಾ ಅಮ್ಮಾ?"
ಬರ್ತಿದೆ ಸರ್ ಅಂದೆ, ಕೊತ್ತಂಬರಿ ಆರಿಸುತ್ತ.
ವಿಡಿಯೊ ಅಳಿಸಿಲ್ಲ. ಕಳಿಸಿಯೂ ಇಲ್ಲ.
ಮೀಟರು ಇದೆ, ತಿರುಗುತ್ತಿದೆ.
ಬಲ್ಬಿಗೆ ತೊಂಬತ್ತು ರೂಪಾಯಿ.