ಹೋಲಿಕೆಗೆ ಹತ್ತು ಜನ

ಉಮದಿಯಲ್ಲಿ ಬೆಳಗಿನ ಐದೂವರೆ.
ಡಬ್ಬಿಯಲ್ಲಿ ಬರ್ಫ, ನಲವತ್ತು ಬಾಟಲಿ,
ಮರಾಠಿಯಲ್ಲಿ ಅಚ್ಚಾದ ಫಾರ್ಮು.
ಓದುವುದು ಆ ಭಾಷೆ, ಕೇಳುವುದು ಈ ಭಾಷೆ.
‘ಕೀಟಕನಾಶಕ’ ಅಂದರೆ ಶೇವಂತಾ ನನ್ನ ಮುಖ ನೋಡುತ್ತಾಳೆ,
‘ಎಣ್ಣಿ’ ಅಂದಾಗ ನಗುತ್ತಾಳೆ:
‘ಹೊಡಿಯಾವ್ರು ಗಂಡಸ್ರರೀ,
ನಾವು ಬರೇ ದ್ರಾಕ್ಷಿ ಗೊಂಚಲ ತಿದ್ದಾವ್ರು.’
ಗೊಂಚಲು ನೆತ್ತಿಯ ಮೇಲೆ. ಹನಿ ಇಳಿಯುವುದು
ಮೊಣಕೈಗುಂಟ ರವಿಕೆಯ ತೋಳಿಗೆ.
ಅದಕ್ಕೆ ಕಾಲಂ ಇಲ್ಲ. ಅಂಚಿನಲ್ಲಿ ಬರೆದುಕೊಂಡೆ.

ದಿನದ ಮೊದಲ ಮೂತ್ರ ಬೇಕು, ಅಂದೆ.
ಅದಕ್ಕೂ ಮೊದಲು ಸಾಬೂನು ಹಚ್ಚಿ ಕೈ ತೊಳೀರಿ,
ಕೈಮ್ಯಾಗಿಂದು ಬಾಟಲಿಗೆ ಬೀಳಬಾರದು,
ಒಳಗಿಂದಷ್ಟೇ ಬೇಕು.
‘ಒಳಗಿಂದು’ ಎಂದು ಚಾಂದಬಿ ಮೆಲ್ಲಗೆ ತಿರುಗಿ ಹೇಳಿ
ಸೆರಗಿನಡಿ ಬಾಟಲಿ ಮುಚ್ಚಿಕೊಂಡು
ಜಾಲಿ ಮರೆಗೆ ನಡೆದಳು,
ಹಣ್ಣು ಕದ್ದವಳ ಹಾಗೆ.

ಹಣ್ಣಿಗೆ ಬೇರೆ ಮಂದಿ ಬರುತ್ತಾರೆ, ಜೀಪಿನಲ್ಲಿ,
ಕೈಗವಸು ತೊಟ್ಟು.
ಸಾಲಿಗೊಂದು ಗೊಂಚಲು, ಚೀಲಕ್ಕೊಂದು ಸೀಲು,
ಕಡಲಾಚೆ ತಿನ್ನುವವರ ನಾಲಿಗೆಗೆ ತಕ್ಕ ಮಿತಿ.
ಕೊಯ್ಲಿಗೆ ಮುಂಚೆ ಇಷ್ಟು ದಿನ ಎಣ್ಣಿ ಬಂದ್
ಎಂದು ಶೆಡ್ಡಿನ ಗೋಡೆಗೆ ಬರೆದಿದೆ.
ಅದೇ ಗೋಡೆಗೆ ಒರಗಿ ಇವರು ರೊಟ್ಟಿ ಬಿಚ್ಚುತ್ತಾರೆ.

ಮೂವತ್ತು ಬಾಟಲಿ ತುಂಬಿದವು.
ಇನ್ನು ಹೋಲಿಕೆಗೆ ಹತ್ತು ಜನ ಬೇಕು,
ಎಣ್ಣಿ ತಾಗದವರು.
ದರ್ಜಿ ಇಮಾಮಸಾಬ? ಅಂಗಡಿಯ ಹಿಂದೆಯೇ ಪಂಪು ತೊಳೆಯುತ್ತಾರೆ.
ಶಾಲೆಯ ಬಾಯಿ? ಗಾಳಿ ಪಡುವಣದಿಂದ ಬಂದ ದಿನ
ಲೆಕ್ಕ ನಿಲ್ಲಿಸಿ ಕಿಟಕಿ ಮುಚ್ಚಿಸುತ್ತಾಳೆ.
ಕುರಿಯ ಬೀರಪ್ಪ ಊರಲ್ಲಿ ಇರುವುದೇ ಇಲ್ಲ,
ಇದ್ದಾಗ ಅವನೂ ಕುರಿಯೂ ನೀರು ಕುಡಿಯುವುದು
ಬ್ಲೋವರು ತುಂಬುವ ಹೊಂಡದಲ್ಲಿ.
ಮೂರು ದಿನದ ಕೂಸಿನ ಮನೆ ಮುಂದೆ
ಸ್ವಲ್ಪ ಹೊತ್ತು ನಿಂತೆ.
ಕೇಳದೆ ಬಂದೆ.

ಒಂಬತ್ತು ಸಾಲು ಖಾಲಿ ಬಿಟ್ಟು
ಹತ್ತನೆಯದರಲ್ಲಿ ನನ್ನ ಹೆಸರು ಬರೆದೆ:
ವಿಜಯಪುರದಲ್ಲಿ ಓದಿದವಳು, ತೋಟ ಮೆಟ್ಟದವಳು.
ಬರೆದಾದ ಮೇಲೆ ನೆನಪಾಯಿತು, ಅವ್ವ
ಹೇನಿಗೆಂದು ಮೊಣಕಾಲ ನಡುವೆ ಕೂಡಿಸಿಕೊಂಡು
ನನ್ನ ಬೈತಲೆಗೆ ಉಜ್ಜುತ್ತಿದ್ದ ಬಿಳಿ ಪುಡಿ,
ಜೋಳದ ಹಗೆಗೆ ತಂದು ಉಳಿದದ್ದು.
ಎಷ್ಟು ಪ್ರೀತಿಯಿಂದ ಉಜ್ಜುತ್ತಿದ್ದಳು.

ಹೆಸರು ಅಳಿಸಲಿಲ್ಲ. ಕಾಲಂ ಬದಲಿಸಿದೆ.
ಉಳಿದ ಹತ್ತರಲ್ಲಿ ಒಂದು ಬಾಟಲಿ ಹಿಡಿದು
ಜಾಲಿ ಮರೆಗೆ ಹೋಗುತ್ತಿದ್ದರೆ
ಬಳ್ಳಿ ಸಾಲಿನ ಒಳಗಿಂದ ಚಾಂದಬಿ ಕೂಗಿದಳು:
‘ಬಾಯೀ, ಸಾಬೂನ ಹಚ್ಚಿ ಕೈ ತೊಳದೀರೇನ್ರೀ?’