ಅಂಗಿ ಎತ್ತಿ ನೋಡಬೇಕು

ಬ್ಯಾಡಗಿಯೊಳಗ ಎಲ್ಲಾರೂ ಕೆಮ್ಮತಾರ.
ಹಮಾಲರು ಕೆಮ್ಮತಾರ, ದಲಾಲರು ಕೆಮ್ಮತಾರ,
ಬಸ್ಸಿಳಿದ ಬೀಗರು ಮೊದಲು ಸೀನಿ
ಆಮ್ಯಾಲೆ ನಮಸ್ಕಾರ ಅಂತಾರ.
ಇಲ್ಲಿ ಕೆಮ್ಮು ಅಂದ್ರ ಸುದ್ದಿ ಅಲ್ಲ.

ಮಾಬೂಬಿ ತುಂಬು ಮುರಿಯಾಕತ್ತಿದ್ದಳು,
ಕೆಂಪು ರಾಶಿಯ ನಡುವ, ಮೂಗಿಗೆ ಸೆರಗು ಬಿಗಿದು.
ಹಿಂದ ಗೋಣಿಚೀಲದ ಜೋಳಿಗಿಯೊಳಗ
ಏಳು ತಿಂಗಳ ಕೂಸು.
"ನಿನ್ನೆಯಿಂದ ಕೆಮ್ಮು ಅಕ್ಕಾರ. ಏನಿಲ್ಲ, ಘಾಟು.
ಆದ್ರ ಭಾಳ ಶಾಣ್ಯಾ ಆಗೇತಿ ನೋಡ್ರಿ,
ಮುಂಜಾನಿಂದ ಒಮ್ಮೆನೂ ಅತ್ತಿಲ್ಲ."

ಆ ಕಡೀ ಮಾತು ಕೇಳಿ ನಾನು ಕುಂತೆ.

ಅಳೂ ಕೂಸಿಗೆ ನಾನು ಹೆದರೂದಿಲ್ಲ,
ಅಳಾಕ ಉಸಿರು ಬೇಕು, ಸಿಟ್ಟು ಬೇಕು.
ಶಾಣ್ಯಾ ಅಂದ ಕೂಡಲೆ
ಅಂಗೈ ತಣ್ಣಗಾಗತಾವ.

ಮೂರು ವರ್ಷದ ಹಿಂದ, ಥಂಡಿ ದಿನ, ಬ್ಯಾರೆ ಓಣಿ.
ಸ್ವೆಟರು, ಕುಲಾವಿ, ಮ್ಯಾಲೊಂದು ಶಾಲು.
"ಈಗ ಮಲಗೇತಿ, ಬಿಚ್ಚಬ್ಯಾಡ್ರಿ" ಅಂದಳು ಅಜ್ಜಿ.
ಬಿಚ್ಚಲಿಲ್ಲ. ಚಾ ಕುಡದೆ.
ರಿಜಿಸ್ಟರಿನ್ಯಾಗ ಆರೋಗ್ಯವಾಗಿದೆ ಅಂತ ಬರದೆ.
ಆ ಪುಟದ ನಂಬರು ನಲವತ್ತೆರಡು.

ಅಂಗಿ ಎತ್ತಿದೆ.
ಗಡಿಯಾರ ತೊಡಿ ಮ್ಯಾಲಿಟ್ಟೆ.
ಪೂರಾ ಒಂದು ನಿಮಿಷ.
ಅರ್ಧಾ ಎಣಿಸಿ ದುಪ್ಪಟ್ಟು ಮಾಡೂದು
ವ್ಯಾಪಾರದ ಲೆಕ್ಕ, ಉಸಿರಿನದಲ್ಲ.

ಹೊರಗ ಕೂಗು: ಡಬ್ಬಿಕಾಯಿ ಎಷ್ಟಕ್ಕ ಹೋತು, ಕಡ್ಡಿ ಎಷ್ಟಕ್ಕ.
ನನ್ನ ತುಟಿಯೊಳಗ ಇಪ್ಪತ್ಮೂರು, ಇಪ್ಪತ್ನಾಲ್ಕು.
ಮೂಗಿನ ಹೊಳ್ಳಿ ಅರಳಿ ಅರಳಿ ಮುಚ್ಚತಿದ್ದವು.
ಪಕ್ಕೆಲುಬಿನ ಕೆಳಗ, ಪ್ರತಿ ಉಸಿರಿಗೂ ಒಂದು ಕುಳಿ,
ರೊಟ್ಟಿ ಹಿಟ್ಟಿಗೆ ಹೆಬ್ಬೆಟ್ಟು ಒತ್ತಿದಂಗ.
ಈ ವಯಸ್ಸಿಗೆ ಐವತ್ತು ಮುಟ್ಟಬಾರದು.
ಎಪ್ಪತ್ತೊಂದು.

"ಎದಿಗೆ ಒಂದು ಚುಟಿಗಿ ಹಾಕಸೂಣು" ಅಂತ ಯಾರೋ ಅಂದರು.
ನಾನು ತಿರುಗಿ ನೋಡಿದ್ದಕ್ಕ ಸುಮ್ಮನಾದರು.

ಗುಳಿಗಿ ಎದಿಹಾಲಿನ್ಯಾಗ ಕರಗಿಸಿ ಮೊದಲ ಡೋಸು ಕೊಟ್ಟೆ.
ನುಂಗಿತು.
ನುಂಗಿತು ಅಂತನ ಬರದೆ, ವ್ಯಾಳ್ಯಾ ಹಾಕಿ.
ನೂರಾ ಎಂಟು ರಾಣೇಬೆನ್ನೂರ ಕಡೆ ಹೋಗಿತ್ತು,
ಬರಾಕ ನಲವತ್ತು ನಿಮಿಷ.
ಅಂಗಳದಾಗ ಗುಡ್ಡಪ್ಪನ ಟೆಂಪೊ, ಒಳಗ ಹದಿನೆಂಟು ಚೀಲ ಕಾಯಿ.
ಆ ಖಾರದ ಜೋಡಿ ಕೂಸನ್ನ ಹೆಂಗ ಕಳಸೂದು?
"ಇಳಸ್ರಿ" ಅಂದೆ.
ಕೆಮ್ಮೂ ಹಮಾಲರು ಬಂದರು,
ಯಾರ ಮಾಲು ಅಂತ ಒಬ್ಬರೂ ಕೇಳಲಿಲ್ಲ.

ಮಾಬೂಬಿ ಮೂರು ಸಲ ಕೈ ತೊಳದರೂ
ಬೆರಳಿನ ಉರಿ ಹೋಗಲಿಲ್ಲ.
ದಾರಿ ತುಂಬ ಮಣಿಕಟ್ಟಿನಿಂದ
ಕೂಸಿನ ಹಣಿ ಸವರಿದಳು.
ನೆಟ್ಟಗ ಎತ್ತಿ ಹಿಡಕೋ ಅಂದದ್ದು ಒಂದ ಮಾತು,
ಉಳಿದದ್ದೆಲ್ಲಾ ಎಣಿಕಿ.
ಮೋಟೆಬೆನ್ನೂರಿನ ತಿರುವಿನ್ಯಾಗ ಎಪ್ಪತ್ನಾಲ್ಕು.
ತುಟಿ ಇನ್ನೂ ನೀಲಿ ಆಗಿರಲಿಲ್ಲ.
ಗುಡ್ಡಪ್ಪ ಹಾರ್ನ್ ಮ್ಯಾಲಿನ ಕೈ ತಗೀಲಿಲ್ಲ.

ಹಾವೇರಿ ದವಾಖಾನಿಯೊಳಗ ಆಕ್ಸಿಜನ್ ಹಚ್ಚಿದರು.
ಇನ್ನ ಎಣಿಸೂದು ನನ್ನ ಕೆಲಸ ಅಲ್ಲ, ಆದರೂ ಎಣಿಸಿದೆ.
ಹೊತ್ತು ಮುಳುಗೂ ಮುಂದ ಕೂಸು ಅತ್ತಿತು,
ಇಡೀ ವಾರ್ಡು ಎದ್ದು ಕೂಡೂವಂಗ.
ಮಾಬೂಬಿ ಹೌಹಾರಿ ಬಾಯಿ ಮುಚ್ಚಾಕ ಹೋದಳು,
"ಸುಮ್ಮಕಿರು, ಡಾಕ್ಟರು ಬೈತಾರ."
ಅಳಲಿ ಬಿಡು ಅಂದೆ.

ರಾತ್ರಿ ಬಸ್ಸಿನ್ಯಾಗ ಬಾಜೂಕ ಒಬ್ಬಾಕಿ,
ತೊಡಿ ಮ್ಯಾಲೆ ಎರಡು ವರ್ಷದ ಹುಡುಗ, ಗಾಢ ನಿದ್ದಿ.
"ಸ್ವಲ್ಪ ಅಂಗಿ ಎತ್ತಲೇನ್ರಿ?"
ಒಂದು ನಿಮಿಷ ಪೂರಾ.
ಇಪ್ಪತ್ತೆಂಟು! ಅಂದೆ, ಜೋರಾಗೇ ಬಂತು.
ಆಕಿ ಕೂಸನ್ನ ಬಿಗಿಯಾಗಿ ಅವಚಿಕೊಂಡು
ಕಿಡಕಿ ಕಡೆ ಸರದು ಕುಂತಳು.