ವಿಷಯ ಸಂಖ್ಯೆ ಹನ್ನೊಂದು

ಕೊಪ್ಪಳ, ತಾಲೂಕ ಪಂಚಾಯ್ತಿ, ಮ್ಯಾಲಿನ ಮಹಡಿ.
ಅಜೆಂಡಾ ಟೈಪ್ ಮಾಡಾಕಿ ನಾನು,
ಹದಿನಾರು ವರ್ಷದಿಂದ ಹೊರಗುತ್ತಿಗಿ.
ಬೆರಳ ಬ್ಯಾನಿ ಕಾಯಂ ಆತು, ನಾ ಆಗಲಿಲ್ಲ.

ವಿಷಯ ಬರೂಕಿಂತ ಮೊದ್ಲ ಅದರ ನಂಬರ್ ಬರತೈತಿ.
ನಂಬರ್ ಹಾಕೋರು ಯಾರು ಅಂತ ಕೇಳಿದ್ರ
ಎಲ್ಲಾರೂ ಮ್ಯಾಲೆ ನೋಡ್ತಾರ.
ಮ್ಯಾಲೆ ಒಂದು ಫ್ಯಾನ್ ಐತಿ.

ವಿಷಯ ಒಂದು: ಹೆದ್ದಾರಿಯಿಂದ ಫ್ಯಾಕ್ಟರಿ ಗೇಟಿನ ತನಕ
ರಸ್ತೆ ಅಗಲ ಮಾಡೂದು,
"ಸಾರ್ವಜನಿಕರ ಕೋರಿಕೆಯ ಮೇರೆಗೆ".
ಈ ಸಾರ್ವಜನಿಕರನ್ನ ಒಮ್ಮೆ ಕಣ್ಣಿಲೆ ನೋಡಬೇಕು ನನಗ.
ಎಷ್ಟು ಸಲ ಟೈಪ್ ಮಾಡೀನಿ ಅವರನ್ನ,
ಒಂದಿನಾನೂ ಈ ಮೆಟ್ಲ ಹತ್ತಿ ಬಂದಿಲ್ಲ.

ಫೈಲಿನ್ಯಾಗ ಮೂರು ಪತ್ರ.
ಒಂದು ಕಂಪನಿದು.
ಒಂದು ಶಾಸಕರ ಲೆಟರ್‌ಹೆಡ್ಡಿಂದು, ಮುದ್ರಿ ಬಂಗಾರದ ಬಣ್ಣದ್ದು.
ಒಂದು ಯಾವುದೋ ಯುವಕ ಸಂಘದ್ದು, ಇಪ್ಪತ್ಮೂರು ಸಹಿ,
ಇಪ್ಪತ್ಮೂರೂ ಒಂದ ಪೆನ್ನಿಂದ.
ಮೂರರಾಗೂ "ಅಭಿವೃದ್ದಿ".
ಕೆಳಗಿನ ಒತ್ತಿಗೆ ಹೊಟ್ಟಿ ಸೀಳೂದು ಮರತಾರ.
ವಿರುಪಣ್ಣ ಮಾಸ್ತರು ಅಂಗೈ ಕೆಂಪ ಮಾಡಿ ಕಲಿಸಿದ ಅಕ್ಷರ ಅದು,
ನನ್ನ ಕಣ್ಣಿಗೆ ಬೀಳದ ಇರಾಕಿಲ್ಲ.
ಬಾಯಿ ಮೂರು, ತಪ್ಪು ಒಂದ,
ಪೆನ್‌ಡ್ರೈವೂ ಒಂದ.
ಗೊತ್ತಾತು ನನಗ. ಗೊತ್ತಾಗೂದಕ್ಕ ಪಗಾರಿಲ್ಲ.

ಅಜೆಂಡಾದಾಗ ಹೊಟ್ಟಿ ಸೀಳಿ ತಿದ್ದಿದೆ.
ಸೂಪರಿಂಟೆಂಡೆಂಟ್ ಪ್ರಲ್ಹಾದರಾವ್ ಚಷ್ಮಾ ಏರಿಸಿ ನೋಡಿದ್ರು:
"ಸಾಹೇಬ್ರ ಪತ್ರದಾಗ ಹೆಂಗೈತಿ ಹಂಗ ಇರ್ಲಿ ಬಾಯರ,
ನಾಳೆ ಎರಡೂ ತಾಳೆ ಆಗಲಿಲ್ಲಂದ್ರ ಯಾರು ಉತ್ತರ ಕೊಡೋರು?"
ತಿರುಗಿ ತಪ್ಪು ಮಾಡಿದೆ.

ಹನ್ನೊಂದನೇದು ಬ್ಯಾರೆ ಥರದ್ದು.
ಕಾಸನಹಾಳದ ಹುಲಿಗೆವ್ವ ತಂದದ್ದು, ಮೊಮ್ಮಗಳು ಬರದದ್ದು,
ಎಂಟನೇತ್ತಾಕಿ, ಗೆರಿ ಇರೋ ನೋಟ್‌ಬುಕ್ಕಿನ ಹಾಳಿ.
ಅದರಾಗ ಅಭಿವೃದ್ಧಿ ಇಲ್ಲ, ಆ ಶಬ್ದ ಸೈತ ಇಲ್ಲ.
ಮಸಿ ಐತಿ.
ಕೊಡದ ನೀರಿನ ಮ್ಯಾಲೆ ಮಸಿ,
ಅಂಗನವಾಡಿ ಉಪ್ಪಿಟ್ಟಿನ್ಯಾಗ ಮಸಿ,
ತೊಟ್ಟಿಲದಾಗಿನ ಕೂಸಿನ ಕಿವಿಯಾಗ ಮಸಿ, ಎಮ್ಮಿ ಮೂಗಿನ್ಯಾಗ...
ಲಾರಿಗೊಳಿಗೆ ತಾಡಪಾಲ ಹಾಕಸ್ರಿ. ಇಷ್ಟ ಕೇಳ್ಯಾರ.
ಲಗತ್ತು: ಬಿಳಿ ಟವೆಲ್ ಒಂದು,
ರಾತ್ರಿ ಮಾಳಿಗಿ ಮ್ಯಾಲೆ ಹಾಸಿ ಮುಂಜಾನೆ ಮಡಚಿದ್ದು.

ಟವೆಲಿಗೆ ಪಂಚ್ ಹೊಡ್ಯಾಕ ಬರೂದಿಲ್ಲ,
ಫೈಲಿಗೆ ಕಟ್ಟಾಕಾಗಿಲ್ಲ, ನನ್ನ ಡ್ರಾದಾಗ ಐತಿ.
ಗುಂಡುಪಿನ್ನು ಹುಡುಕಿದಾಗೊಮ್ಮೆ ಕೈ ಕರ್ರಗಾಗತೈತಿ.

ಮೊದಲು ಅದು ಏಳನೇದಿತ್ತು. ಹೋದ ಸಲ ಒಂಬತ್ತು.
ಊಟ ಬರೂದು ವಿಷಯ ಆರಕ್ಕ.
ಗೋಧಿ ಹುಗ್ಗಿ, ಮಿರ್ಚಿ ಭಜಿ. ಊಟ ದಾಟಿ ಮುಂದ ಹೋದ ಸಭೆ
ನಾ ಇನ್ನೂ ಕಂಡಿಲ್ಲ.
"ಕಾಲಾವಕಾಶದ ಕೊರತೆಯಿಂದ ಉಳಿದ ವಿಷಯಗಳನ್ನು
ಮುಂದಿನ ಸಭೆಗೆ ಮುಂದೂಡಲಾಯಿತು":
ಇದನ್ನ ನಾ ಹಿಂದಿನ ದಿನಾನ ಟೈಪ್ ಮಾಡಿ ಇಟ್ಟಿರ್ತೀನಿ.

ಇವತ್ತು ಹುಲಿಗೆವ್ವ ಮೆಟ್ಲ ಮ್ಯಾಲೆ ಕುಂತಿದ್ಲು,
ಉಡಿಯಾಗ ರೊಟ್ಟಿ ಗಂಟು.
ಒಳಗ ಹುಗ್ಗಿಗೆ ತುಪ್ಪ ಬೀಳಾಕತ್ತಿತ್ತು, ವಾಸನಿ ಹೊರಗ ಬಂದಿತ್ತು.
"ನಮ್ದು ಎಷ್ಟನೇದವ್ವ?"
ಹನ್ನೊಂದು, ಅಂದೆ.
ಬೆರಳು ಮಡಚಿ ಎಣಿಸಿದ್ಲು,
ಒಂದು ಕೈ ಆತು, ಇನ್ನೊಂದು ಕೈ ಆತು,
ಹನ್ನೊಂದಕ್ಕ ಬೆರಳಿರಲಿಲ್ಲ.

ಸಿಟ್ಟಾಗಲಿಲ್ಲ.
ತನ್ನದ ಎಲ್ಲೋ ತಡಾ ಆಗೇತಿ ಅನ್ನೋಹಂಗ ಕೇಳಿದ್ಲು:
"ಕೋಳಿ ಕೂಗೂಕಿಂತ ಮೊದ್ಲ ಎದ್ದು
ಮೊದಲನೇ ಬಸ್ಸಿಗೆ ಬಂದೀನವ್ವ ನಾನು.
ಒಂದನೇ ನಂಬರಿನೋರು ಅದಾರಲ್ಲ,
ಅವರು ಯಾವ ಬಸ್ಸಿಗೆ ಬಂದ್ರು?"